ಎಡಗಡೆಯ ಕಣಜ

‘ಗಾಡಿ ಬಲಕ್ಕೆ ಎಳೀತದೆ ಅದ್ರಾಮ, ಸರಿಯಾಗಿ ನೋಡು’
ದೇಚಮ್ಮ ಸಿಸ್ಟರು ಮೂರನೇ ಸಲ ಬಂದದ್ದು ಇದು.

ನೋಡಿದೆ.
ಮುಂದಿನ ಫೋರ್ಕು ನೆಟ್ಟಗೇ ಇದೆ.
ಒಂದೇ ಪಕ್ಕದಿಂದ ಚಕ್ರ ಹಿಡಿದ ಫೋರ್ಕು,
ವಿಮಾನ ಇಳಿಯುವಾಗ ಚಾಚುವ ಕಾಲಿನ ಹಾಗೆ.
ಯುದ್ಧ ಮುಗಿದ ಇಟಲಿಯಲ್ಲಿ
ವಿಮಾನ ಮಾಡುವವರಿಗೆ ಕೆಲಸ ತಪ್ಪಿ
ನೆಲದ ಮೇಲೆ ಓಡುವುದನ್ನು ಮಾಡಿದರಂತೆ.
ಸಣ್ಣ ಸೊಂಟ, ದಪ್ಪ ಹಿಂಭಾಗ, ಆ ಗುಂಯ್ ಸದ್ದು.
ಕಣಜ! ಅಂದನಂತೆ ಯಜಮಾನ. ಅದೇ ಹೆಸರಾಯಿತು.
ನನಗೆ ಹೇಳಿದ್ದು ಬಾಪ್ಪ. ಬಾಪ್ಪನಿಗೆ ಯಾರೋ.

ಬೇರಿಂಗು ಸರಿ.
ಎರಡು ಚಕ್ರಕ್ಕೂ ದಾರ ಹಿಡಿದೆ, ಕೂದಲೆಳೆ ಆಚೀಚೆ ಇಲ್ಲ.
ಪ್ಲಗ್ಗಿನ ಮಸಿ ಉಜ್ಜಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ,
ಬಿಚ್ಚಿದ ಮೇಲೆ ಕೈ ಸುಮ್ಮನಿರಬೇಕಲ್ಲ.

ಎಂಜಿನ್ನು ಇರುವುದೇ ಬಲಗಡೆ.
ಸಿಲಿಂಡರು, ಗೇರು, ಹಿಂದಿನ ಚಕ್ರ ಎಲ್ಲ ಒಂದೇ ಗಂಟು.
ಗಾಳಿ ತಾಗದ ಮೂಲೆ ಅಂತ
ಫ್ಲೈವೀಲಿಗೇ ರೆಕ್ಕೆ ಕಟ್ಟಿ ಬೀಸಣಿಗೆ ಮಾಡಿದ್ದಾರೆ.
ಚೈನಿಲ್ಲ. ಅದಕ್ಕೇ ಸಿಸ್ಟರು ಕೊಂಡದ್ದು,
ಅರುವತ್ತೆಂಟರಲ್ಲಿ, ಮೈಸೂರಿನಿಂದ.
‘ನಮ್ಮ ಸೀರೆಗೆ ನೆರಿಗೆ ಹಿಂದೆ, ಗೊತ್ತಲ್ಲ,
ಚೈನಿನ ಬಾಯಿಗೆ ಕೊಟ್ಟರೆ ವಾಪಸು ಬರ್ತದಾ?’

ಎಡಗಡೆ ಬರೀ ತಗಡು. ಒಳಗೆ ಪೊಳ್ಳು, ಹೊರಗೆ ಬೀಗ.
ಅದೂ ಕಣಜವೇ, ಭತ್ತ ತುಂಬುವ ಜಾತಿಯದು.
ಅದರಲ್ಲಿ ಎನಾಮಲ್ ತಟ್ಟೆ, ಕತ್ತರಿ, ಡೆಟ್ಟಾಲಿನ ಸೀಸೆ,
ಮಗು ತೂಗುವ ಸ್ಪ್ರಿಂಗಿನ ತಕ್ಕಡಿ.
ಬಿಟ್ಟಂಗಾಲದ ಏರು, ಅಮ್ಮತ್ತಿಯ ಲೈನ್ ಮನೆಗಳು,
ನಡುರಾತ್ರಿ, ಎರಡನೇ ಗೇರು.
ಈ ಗಾಡಿಯ ದೀಪಕ್ಕೆ ಬ್ಯಾಟರಿಯಿಲ್ಲ,
ಎಂಜಿನ್ನು ಮೆತ್ತಗಾದರೆ ಬೆಳಕೂ ಮೆತ್ತಗೆ.
ತಿರುವಿನಲ್ಲಿ ನಿಂತದ್ದು ಬಂಡೆಯೋ ಆನೆಯೋ
ಎಂದು ನೋಡಬೇಕಾದರೆ
ಕ್ಲಚ್ಚು ಒತ್ತಿ ಎಂಜಿನ್ನನ್ನು ಕೂಗಿಸಬೇಕು.
ಆನೆಯಾದರೆ ಕೂಗಿಸಬಾರದು.
ಇದಕ್ಕೆ ರಿಪೇರಿ ನನ್ನ ಹತ್ತಿರ ಇಲ್ಲ.

ಬೀಗ ತೆಗೆದೆ.
ಒಂದು ಹಳೇ ಕ್ಯಾಲೆಂಡರಿನ ಹಾಳೆ, ಅಷ್ಟೇ.
ಹೋದ ತಿಂಗಳು ರಿಟೈರು. ಬ್ಯಾಗು, ತಕ್ಕಡಿ
ಆಸ್ಪತ್ರೆಗೆ ವಾಪಸು, ರಿಜಿಸ್ಟರಿನಲ್ಲಿ ಸಹಿ ಹಾಕಿ.

ಹೀಗೆ ಎಂದು ಅವರಿಗೆ ಹೇಳಲಿಲ್ಲ.
ಶೆಡ್ಡಿನ ಅಟ್ಟದಿಂದ ಬಾಪ್ಪನ ಬಿಸ್ಕತ್ತಿನ ಡಬ್ಬಿ ಇಳಿಸಿದೆ.
ಗಿರಾಕಿಯ ಹಳೇ ಸಾಮಾನು ಎಸೆಯದ ಮನುಷ್ಯ ಬಾಪ್ಪ.
ಮೇಲೆ ಪೇಂಟಿನಲ್ಲಿ ಇದೇ ಗಾಡಿಯ ನಂಬರು.
ಮೂರು ಪಿಸ್ಟನ್ನು, ಒಂದು ಕ್ರ್ಯಾಂಕು,
ಸುಟ್ಟ ಕ್ಲಚ್ಚು ಪ್ಲೇಟು, ಹಲ್ಲುದುರಿದ ಗೇರು.
ಎಲ್ಲ ಎಡಗಡೆಗೆ ತುಂಬಿ ಬೀಗ ಹಾಕಿದೆ.

ಒಂದೇ ಕಿಕ್ಕು. ನೀಲಿ ಹೊಗೆ.
ಗಡಿಯಾರ ಕಂಬ ಸುತ್ತಿ ವಾಪಸು ಬಂದರು.
‘ಎಳೆಯೂದಿಲ್ಲ. ಆದರೆ ಒಳಗೆಂಥದೋ ಗಲಗಲ ಅಂತದೆ.’
‘ಬಟ್ಟೆ ಸುತ್ತಿ ಇಡ್ತೇನೆ ಸಿಸ್ಟರೇ.’
ಸ್ವಲ್ಪ ಹೊತ್ತು ಕಿವಿಗೊಟ್ಟರು.
‘ಬೇಡ ಬಿಡು. ಮೊದಲೂ ಅಂತಿತ್ತು.’