ಕಿಟಕಿಯ ಪಕ್ಕದ ಮೇಜು

ಗೌಸ್‌ಪೀರ್ ಮಾಸ್ತರರು ತೀರಿಕೊಂಡ ನಲವತ್ತನೇ ದಿನ
ಫಾತಿಹಾದ ಊಟ ಮುಗಿಸಿ ಬಂದು
ರುದ್ರಾಂಬಾ ಗಲ್ಲಾದ ಮೇಲೆ ಕೈಯಿಟ್ಟು ಹೇಳಿದಳು:
ಇನ್ನು ಕತ್ತರಿ ಯಾರಾದರೂ ಹಿಡಿಯಲೇಬೇಕು.

ಬೆಂಗಳೂರು ರೋಡಿನ ನವಾಬ್ ಸೂಟಿಂಗ್ಸ್ ಅಂದರೆ
ಒಂದು ಕಾಲಕ್ಕೆ ಬಳ್ಳಾರಿಯಲ್ಲಿ ಆಣೆ ಹಾಕುವಂಥ ಹೆಸರು.
ಕೆಂಪು ಧೂಳಿನ ಕಾಲ. ಲಾರಿಗಳು ನಿದ್ದೆ ಮಾಡದ ಕಾಲ.
ನಿನ್ನೆ ಸೈಕಲ್ಲಿನಲ್ಲಿ ಬಂದವನು ಇವತ್ತು
ಮೂರು ಕಾರು ನಿಲ್ಲಿಸಿ ಇಳಿದು
ಎರಡೂ ಕೈ ಚಾಚಿ ನಿಲ್ಲುತ್ತಿದ್ದ, ಅಳತೆಗೆ.
ಜರಿಯಲ್ಲಿ ಖರೇ ಬೆಳ್ಳಿ ಇರಬೇಕು.
ಗುಂಡಿಗುಂಡಿಯ ಮೇಲೂ ಅವನ ಹೆಸರಿನ ಮೊದಲಕ್ಷರ.
ಮಾಸ್ತರರು ಟೇಪು ಸುತ್ತಿ, ಎಷ್ಟೆಂದು ಬಾಯಿಬಿಡದೆ
ಪುಸ್ತಕದಲ್ಲಿ ಬರೆಯುವರು:
'ಎಡ ಭುಜ ಅರ್ಧ ಇಂಚು ಇಳಿದಿದೆ. ಹೇಳಬೇಡ.'

ಆಮೇಲೆ ಗಣಿ ಮುಚ್ಚಿತು.
ಅಡ್ವಾನ್ಸ್ ಕೊಟ್ಟವರು ಬರಲೇ ಇಲ್ಲ.
ಹನ್ನೊಂದು ಶೇರ್ವಾನಿ ಅಟ್ಟದಲ್ಲಿ ನೇತಾಡುತ್ತವೆ.
ವರ್ಷಕ್ಕೊಮ್ಮೆ, ದೀಪಾವಳಿಯ ಹಿಂದಿನ ವಾರ
ಇಳಿಸಿ ಇಸ್ತ್ರಿ ಮಾಡುತ್ತೇನೆ.
ಮೈಯಿಲ್ಲದ ಹನ್ನೊಂದು ಬೆನ್ನು,
ಒಂದೊಂದನ್ನೂ ನನ್ನ ಕೈ ಗುರುತು ಹಿಡಿಯುತ್ತದೆ.

ಮೊದಲು ಬಂದವನು ನಿಹಾಲ್, ಮುಂಬೈಯಲ್ಲಿ ಓದಿದವನು.
ಬಿಳಿ ಬೂಟು. ಲ್ಯಾಪ್‌ಟಾಪ್ ತೆರೆದ.
'ಬಟ್ಟೆ ಯಾರು ಬೇಕಾದ್ರೂ ಮಾರ್ತಾರೆ ಮೇಡಂ, ನಾವು ಕಥೆ ಮಾರೋಣ.'
ತೋಳಿನ ಮೇಲೆ ಕೋಟೆಗುಡ್ಡ,
ಅಂಚಿಗೆ ಅದಿರಿನ ಬಣ್ಣ.
ಅದಿರಿನ ಬಣ್ಣ ನನಗೂ ಗೊತ್ತು.
ಹತ್ತು ವರ್ಷ ಅದನ್ನು ಕಾಲರುಗಳಿಂದ
ಉಜ್ಜಿ ಉಜ್ಜಿ ತೆಗೆದವನು ನಾನು.

ಎರಡನೆಯವನು ಮಾಸ್ತರರ ತಂಗಿಯ ಮಗ ಖಲಂದರ್.
ಕೌಲ್ ಬಜಾರಿನಲ್ಲಿ ನೂರಿಪ್ಪತ್ತು ಮಷೀನಿನ ಜೀನ್ಸ್ ಯೂನಿಟ್ಟು.
'ಅಕ್ಕಾರ, ರಾಜರ ಕಾಲ ಮುಗೀತ್ರಿ.
ಮೊಣಕಾಲ ಹತ್ರ ಹರೀರಿ, ಎರಡು ಪಟ್ಟು ರೇಟು.'
ಸುಳ್ಳಲ್ಲ. ಅವನ ಕಾರು ಹೊರಗೇ ನಿಂತಿತ್ತು.

ರುದ್ರಾಂಬಾ ಅಟ್ಟದಿಂದ ಒಂದು ಶೇರ್ವಾನಿ ಇಳಿಸಿ
ಇಬ್ಬರ ನಡುವೆ ಹಾಸಿದಳು:
ಇದರಿಂದ ಏನು ಮಾಡುತ್ತೀರಿ, ಹೇಳಿ.
ಒಬ್ಬ ಫೋಟೋ ತೆಗೆದ.
ಒಬ್ಬ ಮೀಟರಿನ ಲೆಕ್ಕ ಹಾಕಿದ.

ಮೆಟ್ಟಿಲ ಮೇಲೆ ಕೂತು ಆಲ್ಟರೇಷನ್ ಮಾಡುವ ಸುಂಕಮ್ಮನನ್ನು
ಯಾರೂ ಕರೆದಿರಲಿಲ್ಲ.
ಚಹಾದ ಲೋಟ ಒಯ್ಯಲು ಬಂದವಳು
ಶೇರ್ವಾನಿಯ ಒಳಮೈ ಮಗುಚಿ
ಅರ್ಧ ಬ್ಲೇಡಿನಿಂದ ಒಂದು ಹೊಲಿಗೆ ಬಿಚ್ಚಿದಳು.
ಎರಡು ಇಂಚು ಬಟ್ಟೆ, ಮಡಿಚಿ ಬಚ್ಚಿಟ್ಟದ್ದು.
ಮಾಸ್ತರರ ಸೀಮೆಸುಣ್ಣದ ಗೀಟು ಇನ್ನೂ ಹಾಗೇ.

'ದಪ್ಪ ಆಗ್ತಾನಂತ ಬಿಟ್ಟಾರ.
ಈ ಗುಂಡಿ ಯಾರದು ಗೊತ್ತದ ನನಗ.
ಜಾಮೀನಿನ ಮ್ಯಾಲೆ ಬಂದಾನ, ಮೊನ್ನೆ ಕೋರ್ಟಿನ ಮುಂದ ನೋಡಿನಿ.
ಸೊಂಟ ಮೂರಿಂಚು ಇಳದೈತಿ.
ಹಿಡಿದು ಹೊಲಿದು ಮನೀಗೆ ಕಳಸೂಣು.
ಕೂಲಿ ಅಷ್ಟ ಕೇಳ್ರಿ. ಮಗಳ ಮದುವಿ ಐತಂತ.'

ಯಾರೂ ಮಾತಾಡಲಿಲ್ಲ.
ಖಲಂದರ್ ಆ ಗೀಟಿನ ಮೇಲೆ
ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತ.

ಬ್ಯಾಂಕಿನ ಫೈಲಿಗೆ ನಿಹಾಲನ ಚಿತ್ರಗಳು ಹೋದವು.
ಬೋರ್ಡಿನ ಮೇಲೆ ಅವನ ಹೆಸರೂ ಬಂತು, ಇಂಗ್ಲಿಷಿನಲ್ಲಿ.
ಕತ್ತರಿ ಮಾತ್ರ
ಮರುದಿನ ಮೊಳೆಯ ಮೇಲಿರಲಿಲ್ಲ.

ಸುಂಕಮ್ಮ ಸಂಬಳಕ್ಕಿಂತ ಮೊದಲು ಬೆಳಕು ಕೇಳಿದಳು.
ಕಿಟಕಿಯ ಪಕ್ಕದ ಮೇಜು
ಇಪ್ಪತ್ತಾರು ವರ್ಷ ನನ್ನದಾಗಿತ್ತು.
ಈಗ ಅಟ್ಟದ ಕೆಳಗೆ, ಬಲ್ಬಿನಡಿ ನಿಂತಿದ್ದೇನೆ.
ಕೆಲಸಕ್ಕೇನೂ ತೊಂದರೆಯಿಲ್ಲ,
ಸುಕ್ಕು ಬೆರಳಿಗೇ ಗೊತ್ತಾಗುತ್ತದೆ.
ತಲೆಯ ಮೇಲೆ ಹತ್ತು ಶೇರ್ವಾನಿ ಉಳಿದಿವೆ.

ರುದ್ರಾಂಬಾ ಆರಿಸಿದ್ದು ಸರಿಯೇ.
ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.
ಕೇಳಬೇಕಿತ್ತು, ಒಂದು ಮಾತು.