ಎಲ್ಲಾ ಹಳದಿ

ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಎದ್ದು ಕೂರುತ್ತದೆ.
ಹೆಬ್ಬಾಳು ಟೋಲ್ ದಾಟಿ, ಮೈ ಬಿಸಿಯೇರಿದ ಮೇಲೆ
ಹೇಳದೆ ಕೇಳದೆ ಆರುತ್ತದೆ.
ಕೆಮ್ಮಿಲ್ಲ, ಜರ್ಕಿಲ್ಲ,
ದೀಪ ಊದಿದ ಹಾಗೆ.
ಕಾಲು ಗಂಟೆ ಬಾನೆಟ್ ಎತ್ತಿ ನಿಂತರೆ
ಏನೂ ಆಗಿಲ್ಲವೆಂಬಂತೆ ಮತ್ತೆ ಶುರು.
'ಹಿಂಗ್ ಮಾಡಿದ್ರ ಹೆಂಗಪ್ಪಾ' ಅಂದ ನಾಗೇಂದ್ರಾಚಾರ್ರು
ಕೀಲಿಯನ್ನು ನನ್ನ ಅಂಗೈಗಿಟ್ಟು
ಸ್ಟೂಲಿನ ಮೇಲೆ ಕೂತರು. ಹೋಗಲಿಲ್ಲ.
ಕರಗಿಸಲು ಚಿನ್ನ ಕೊಟ್ಟವರು ಅವರ ಅಂಗಡಿಯಲ್ಲಿ
ಹೀಗೇ ಕೂರುತ್ತಾರಂತೆ, ಕಣ್ಣು ಕೀಳದೆ.

ಎಂಬತ್ತೆರಡರ ಪದ್ಮಿನಿ. ಮೈ ಅದರದೇ,
ಎದೆ ಎಸ್ಟೀಮಿನದು.
ಕಾರ್ಬ್ಯುರೇಟರಿನ ಕಾಲದಲ್ಲಿ ಕಾಯಿಲೆಗೊಂದು ವಾಸನೆಯಿತ್ತು,
ಪೆಟ್ರೋಲು ಹೆಚ್ಚಾದರೆ ಮೂಗಿಗೆ, ಕಮ್ಮಿಯಾದರೆ ಕಿವಿಗೆ.
ಈಗ ಸೀಟಿನಡಿಯ ಅಲ್ಯೂಮಿನಿಯಂ ಡಬ್ಬಿ
ಎಲ್ಲ ಲೆಕ್ಕ ಹಾಕುತ್ತದೆ, ಯಾರಿಗೂ ಹೇಳುವುದಿಲ್ಲ.
ಡಬ್ಬಿಯಿಂದ ಎಂಜಿನ್ನಿಗೆ ನಲವತ್ತು ಚಿಲ್ಲರೆ ವೈರು,
ಎಲ್ಲಾ ಹಳದಿ.

ಮಿಲ್ಲು ಮುಚ್ಚಿದಾಗ ಹರಾಜಿನಲ್ಲಿ
ಜಬೀವುಲ್ಲಾ ಉಸ್ತಾದರು ತಂದಿದ್ದ ಎರಡು ಸುರುಳಿ, ಕಿಲೋ ಲೆಕ್ಕದಲ್ಲಿ.
'ಬಣ್ಣ ನೋಡಿ ಕೆಲಸ ಮಾಡೋನು ಪೇಂಟರ್ ಆಗ್ಲಿ' ಅನ್ನುತ್ತಿದ್ದರು.
ಯಾವುದು ಎಲ್ಲಿಗೆಂಬುದು ಅವರ ತಲೆಯಲ್ಲಿತ್ತು.
ತಲೆ ಮಣ್ಣಿಗೆ ಹೋಗಿ ಏಳು ವರ್ಷ.

ಕೀಲಿ ತಿರುಗಿಸಿದೆ. ಹಿಂದೆ ಟ್ಯಾಂಕಿನಲ್ಲಿ ಪಂಪು
ಎರಡು ಸೆಕೆಂಡು ಗುಂಯ್ ಎಂದು ಸುಮ್ಮನಾಯಿತು. ಸರಿ.
ಎಂಜಿನ್ ಓಡಿಸಿ, ಸ್ಕ್ರೂಡ್ರೈವರಿನ ತುದಿ ಇಂಜೆಕ್ಟರಿಗೆ, ಹಿಡಿ ಕಿವಿಗೆ.
ಟಿಕ್ ಟಿಕ್ ಟಿಕ್, ನಾಲ್ಕೂ. ಅದೂ ಸರಿ.
ಒಂದೊಂದೇ ವೈರಿನ ಎರಡೂ ತುದಿ ಹುಡುಕಿ
ಟೇಪಿನ ಚೂರಿನಲ್ಲಿ ಹೆಸರು ಬರೆದು ಕಟ್ಟಿದೆ,
ಹೆರಿಗೆ ವಾರ್ಡಿನಲ್ಲಿ ಕೂಸಿನ ಕೈಗೆ ಕಟ್ಟುವ ಹಾಗೆ.
ಎರಡು ದಿನ.
ಮೀಟರು ಪ್ರತಿಯೊಂದಕ್ಕೂ ಬೀಪ್ ಎಂದಿತು.
ಎಲ್ಲರೂ ನಿರಪರಾಧಿಗಳು.

ಕೆಲಸವಿಲ್ಲದೆ ನಿಂತ ವೈರು ಸುಳ್ಳು ಹೇಳುತ್ತದೆ.
ಹೊರೆ ಹೊರಿಸಿ ಕೇಳಬೇಕು, ಬಿಸಿಯಲ್ಲಿ ಕೇಳಬೇಕು.
ಪಕ್ಕದ ಪಾರ್ಲರಿನ ಹೇಮಲತಕ್ಕನ ಡ್ರೈಯರ್ ತಂದು
ವೈರಿನ ಕಟ್ಟಿನುದ್ದಕ್ಕೂ ಗೇಣು ಗೇಣೇ ಊದಿದೆ.
ಮೀಟರಿನ ಒಂದು ಕಾಲು ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಡಬ್ಬಿಯ ಅರ್ಥಿಂಗಿಗೆ.
ಸೊನ್ನೆ. ಸೊನ್ನೆ. ಸೊನ್ನೆ ಪಾಯಿಂಟ್ ಒಂದು.
ಹೊರಗೆ ಮಂಡಕ್ಕಿ ಭಟ್ಟಿಗಳ ಹೊಗೆ
ರಸ್ತೆಗೆ ಇಳಿಯುವ ಹೊತ್ತು.
ಡ್ಯಾಶ್‌ಬೋರ್ಡಿನ ಹಿಂದಿನ ಮೂಲೆಗೆ ಬಂದೆ, ಅಂಕಿ ಹಾರಿತು,
ಎರಡೂ ಮುಕ್ಕಾಲು,
ಎಂಜಿನ್ ನಿಂತಿತು.
'ಸತ್ತೋಯ್ತು!' ಎಂದು ಕುಣಿದೆ ನಾನು.
ಅರ್ಧ ಹುಬ್ಬು ತೀಡಿದ ಗಿರಾಕಿಯ ಜೊತೆ
ಹೇಮಲತಕ್ಕ ಹೊರಗೆ ಓಡಿ ಬಂದಳು.

ಟೇಪು ಬಿಚ್ಚಿದರೆ ಅಂಟು, ಬೆಲ್ಲದ ಪಾಕ.
ನಾಲ್ಕು ಅರ್ಥಿಂಗ್ ವೈರು ಸೇರಿದ ಒಂದು ಗಂಟು,
ಗಂಟಿನ ಕೊರಳಿಗೆ ಕಪ್ಪು ದಾರ, ಮೂರು ಸುತ್ತು, ಎಡಕ್ಕೆ.
ಅವ್ವನ ಹೊಲಿಗೆ ಡಬ್ಬದಿಂದ ದಾರ ಕದ್ದು
ಹಾಗೆ ಸುತ್ತುತ್ತಿದ್ದವನು ಈ ಊರಿಗೆ ಒಬ್ಬನೇ.
ಆಗ ಅವನಿಗೆ ಹದಿನಾಲ್ಕು.
ಮೇಲಿನ ಟೇಪು ಮಾತ್ರ ಉಸ್ತಾದರದು.

'ಇಲಿ' ಎಂದೆ. 'ಇಲಿ ಕಡಿದೈತ್ರೀ ಆಚಾರ್ರೇ.'
ಅವರು ಕೈ ಚಾಚಿದರು.
ಜೇಬಿನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ
ಯಾರದೋ ಮುರಿದ ಮೂಗುತಿ ನೋಡುವ ಹಾಗೆ
ತುಂಬ ಹೊತ್ತು ನೋಡಿದರು.
'ತವರ ಮೇಲ್ ಕುಂತೈತಿ, ಒಳಗ ಇಳಿದಿಲ್ಲ.
ಕಡ್ಡಿ ಕಾಯೋದ್ರೊಳಗ ಅವಸರ ಮಾಡ್ಯಾನ. ಹುಡುಗನ ಕೈ.'
ಗಂಟನ್ನು ಬೆಂಚಿನ ಮೇಲಿಟ್ಟು, ಸ್ವಲ್ಪ ತಡೆದು,
'ಆದ್ರೂ ಹದಿನೆಂಟು ವರ್ಷ ಓಡಿಸ್ತಲ್ಲ, ನಿನ್ನ ಇಲಿ.'

ನಾನು ಮಾತಾಡಲಿಲ್ಲ. ತಾಮ್ರ ಕೆರೆದೆ,
ಹೊಸದಾಗಿ ಹೆಣೆದೆ, ಕಡ್ಡಿಯನ್ನು ಪ್ಲಗ್ಗಿಗೆ ಹಾಕಿ
ತವರ ಕೈಗೆತ್ತಿಕೊಂಡೆ.

'ತಡಿ' ಅಂದರು ಸ್ಟೂಲಿನಿಂದ.
'ಇನ್ನೊಂಚೂರು ಕಾಯ್ಲಿ.'