ಹದಿನೇಳರ ಸ್ಪ್ಯಾನರ್

ಮಂಡಿಯೂರಿದ್ದೇನೆ, ಓಲೆಸ್,
ಪ್ರಾರ್ಥನೆಗಲ್ಲ.
ಒಂದು ಮೀಟರ್ ಅಗಲದ ಓಣಿ, ಎಡಬಲಕ್ಕೆ ದಾರ,
ಮುಂದೆ ಅಡ್ಡ ಮಲಗಿಸಿದ ಕೆಂಪು ಕೋಲು:
ಅದರಾಚೆಗಿನ ಮಣ್ಣನ್ನು ಇನ್ನೂ ನಂಬುವಂತಿಲ್ಲ.

ಇದು ನಿನ್ನದೇ ಹೊಲ, ಕಾಲುವೆ ಪಕ್ಕದ್ದು.
ಮಿಕೊಲಾಯಿವ್ ಕಡೆಯ ಈ ಎರೆಮಣ್ಣಿನಲ್ಲಿ
ಬಂದವರು ಬಿತ್ತಿ ಹೋದರು, ಕೊಯ್ಲು ನಮಗೆ ಬಿಟ್ಟು.
ಟ್ರ್ಯಾಕ್ಟರಿನ ಮೇಲೆ ಕೂತು ನೀನು
ಒಂದು ಮುಂಜಾನೆಗೆ ಉತ್ತು ಮುಗಿಸುತ್ತಿದ್ದುದನ್ನು
ನಾನು ಅಂಗೈ ಅಂಗೈಯಾಗಿ ದಾಟುತ್ತಿದ್ದೇನೆ.
ದಿನಕ್ಕೆ ಹದಿನೆಂಟು ಚೌಕ. ಮಳೆ ಬಂದರೆ ಅದೂ ಇಲ್ಲ.

ಎದೆಯ ಮೇಲೆ ನನ್ನ ರಕ್ತದ ಗುಂಪು ಬರೆದಿದೆ.
ಮುಖಕ್ಕೆ ಗಾಜಿನಂಥ ಮುಸುಕು.
ಅದನ್ನು ನೋಡಿ ನಿನ್ನಮ್ಮ ಮೊದಲು ಅತ್ತಳು,
ಆಮೇಲೆ ದಿನಾ ರಾತ್ರಿ ವಿನೆಗರ್ ಹಾಕಿ
ಒರೆಸಿಕೊಡತೊಡಗಿದಳು.

ಇಬ್ಬರು ಬಂದಿದ್ದರು ಆ ದಿನ. ಒಬ್ಬ ಹೊಸ್ತಿಲಲ್ಲಿ
ಬೂಟು ಒರೆಸುತ್ತಲೇ ಇದ್ದ, ಒರೆಸುತ್ತಲೇ ಇದ್ದ,
ತಾನು ಒಳಗೆ ಬರದಿದ್ದರೆ ಸುದ್ದಿಯೂ ಬಾರದೇನೋ ಎಂಬಂತೆ.
ಬೀಟ್‌ರೂಟ್ ಸಾರು ಉಕ್ಕಿ ಒಲೆ ಆರಿತು.
ಆಮೇಲೆ ಪದಕ ಬಂತು, ಡಬ್ಬಿಯೊಳಗೆ ನೀಲಿ ಮಖಮಲ್ಲು.
ಸಹಿ ಎಲ್ಲಿ ಹಾಕಬೇಕೆಂದು ಕೇಳಿದೆ.
ಅಷ್ಟೇ ಕೇಳಿದ್ದು.

ಗಟ್ಟಿಯಾಗಿರು, ಎಂದಿತು ಊರು.
ಹೆಪ್ಪುಗಟ್ಟಿದ ನೆಲವೂ ಗಟ್ಟಿಯೇ,
ಬೀಜ ಇಳಿಯುವುದಿಲ್ಲ ಅದರಲ್ಲಿ.
ನಾನು ನೆನೆದ ರೊಟ್ಟಿಯ ಹಾಗೇ ಇದ್ದೆ, ನಾಲ್ಕು ತಿಂಗಳು,
ನಿನ್ನ ನಲವತ್ತಮೂರರ ಬೂಟು ಎಳೆದುಕೊಂಡು
ಕೋಳಿಗೆ ಕಾಳು ಹಾಕುತ್ತಾ.

ಶಿಬಿರದಲ್ಲಿ ಕೇಳಿದರು: ಈ ಕೆಲಸಕ್ಕೆ ಯಾಕೆ ಬಂದೆ?
ಸಂಬಳಕ್ಕೆ, ಅಂದೆ.
ಸುಳ್ಳಲ್ಲ. ಛಾವಣಿ ಸೋರುತ್ತದೆ.
ಹೇಳದೆ ಉಳಿದದ್ದು,
ನಜಾರ್ ಚೆಂಡಿನ ಹಿಂದೆ ಓಡಿ
ಬೇಲಿಯ ಹತ್ತಿರ ತಟ್ಟನೆ ನಿಂತದ್ದು.
ಎಂಟು ವರ್ಷದ ಹುಡುಗ
ಹುಲ್ಲನ್ನು ಅಷ್ಟು ಹೊತ್ತು ನೋಡಬಾರದು.

ಇವತ್ತು ಹತ್ತೂಕಾಲಿಗೆ ಯಂತ್ರ ಕೂಗಿತು.
ಮೊದಲು ಉಸಿರು. ಆಮೇಲೆ ಕೈ.
ಬದಿಯಿಂದ ಕೆರೆಯಬೇಕು, ಮೇಲಿಂದಲ್ಲ,
ಮಲಗಿದ ಮಗುವಿನ ಹೊದಿಕೆ ಸರಿಸುವಂತೆ.
ಇಪ್ಪತ್ತು ನಿಮಿಷ.
ಮೂಗಿನ ತುದಿಯಲ್ಲಿ ಬೆವರು, ಒರೆಸುವಂತಿಲ್ಲ.
ಕಬ್ಬಿಣದ ಒಂದು ಅಂಚು. ಬ್ರಶ್ಶು. ಇನ್ನೊಂದಿಷ್ಟು.
ಬಾಯಿ ತೆರೆದ ತಲೆ.
ತುಕ್ಕಿನಡಿಯಲ್ಲಿ ಅಂಕಿ: ಹದಿನೇಳು.

ಓಲೆಸ್, ಆ ಸ್ಪ್ಯಾನರ್!
ಮೂರು ದಿನ ಮಾತು ಬಿಟ್ಟಿದ್ದೆಯಲ್ಲ ಅದಕ್ಕಾಗಿ,
ನನ್ನ ತಮ್ಮ ಮಾರಿ ಕುಡಿದ ಅಂತ!
ಹೊಲದಲ್ಲೇ ಬೀಳಿಸಿರ್ತೀಯ ಅಂತ
ನಾನು ಹೇಳಿದ್ದೆನೋ ಇಲ್ಲವೋ?
ಗೆದ್ದೆ ನೋಡು.
ಸೋಲುವುದಕ್ಕೆ ನೀನೇ ಇಲ್ಲ.

ನಗು ಬಂತು. ಮುಸುಕಿನೊಳಗೆ ಮಂಜು ಕವಿದು
ಏನೂ ಕಾಣದಾಯಿತು. ಬರೀ ನಗುವಾಗಿರಲಿಲ್ಲ ಅದು.
ದೂರದಿಂದ ಸೊಲೊಮಿಯಾ ಸೀಟಿ ಊದಿದಳು: ಏನದು?
ಕಬ್ಬಿಣ, ಅಂದೆ. ಅಪಾಯವಿಲ್ಲ.
ಪುಸ್ತಕದಲ್ಲಿ ಹಾಗೇ ಬರೆದುಕೊಂಡಳು.
ತಮ್ಮನಿಗೆ ಇನ್ನೂ ಹೇಳಿಲ್ಲ.

ಆಚೆ, ಮಾರ್ಚಿಯಲ್ಲಿ ನಾವು ಬಿಟ್ಟುಕೊಟ್ಟ ತುಂಡಿನಲ್ಲಿ
ಮುದುಕ ಪಾನಾಸ್ ಬಕ್‌ವೀಟ್ ಬಿತ್ತಿದ್ದಾನೆ.
ಮೊದಲ ದಿನ ಕಾಲಿಡಲಾರದೆ ನಿಂತಿದ್ದ.
ನಾನು ಮುಂದೆ ನಡೆದೆ, ಆ ತುದಿಯಿಂದ ಈ ತುದಿ,
ಕೈ ಬೀಸಿಕೊಂಡು, ಸಂತೆಗೆ ಹೊರಟವಳಂತೆ.
ಅವನು ನನ್ನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟ,
ಅರ್ಧ ದಾರಿಗೆ ಬಂದು ಪಕ್ಕಕ್ಕೆ ಸರಿದು
ಹೊಸ ಮಣ್ಣು ತುಳಿದ.
ಈಗ ಬಿಳಿ ಹೂವು. ಜೇನು ಬರುತ್ತಿವೆ.

ಸ್ಪ್ಯಾನರ್ ಜೇಬಿನಲ್ಲಿಟ್ಟುಕೊಳ್ಳುವಂತಿಲ್ಲ,
ಯಂತ್ರ ಅದಕ್ಕೂ ಕೂಗುತ್ತದೆ.
ಓಣಿಯ ಬಾಯಲ್ಲಿ, ನೀರಿನ ಬಾಟಲಿಯ ಪಕ್ಕ ಇಟ್ಟು ಬಂದೆ.
ಬೆಳಿಗ್ಗೆ ಉಂಗುರ ಬಿಚ್ಚಿಡುವುದೂ ಅಲ್ಲೇ.
ಸಂಜೆ ತೊಡುತ್ತೇನೆ.

ಕೆಂಪು ಕೋಲನ್ನು ಒಂದು ಗೇಣು ಮುಂದೆ ಸರಿಸಿದೆ.
ಹನ್ನೆರಡನೆಯ ಚೌಕ.